ಶಿಕಾರಿಪುರದ ಕೇಪಿನ ಕೋವಿ ಮತ್ತು ಜಗತ್ತಿನ ರೈಫಲ್ ಮಾರುಕಟ್ಟೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ರೈತನ ನಿದ್ದೆ ಹೊಲದ ಅಟ್ಟಣೆಗೆ ವರ್ಗವಾಗುತ್ತದೆ. ಕಾಡುಹಂದಿಯ ಒಂದು ಹಿಂಡು ಒಂದೇ ರಾತ್ರಿಯಲ್ಲಿ ಉರುಳಿಸುವ ಬೆಳೆ ಕೇವಲ ರೈತನ ನಷ್ಟವಲ್ಲ. ಗೊಬ್ಬರದ ಅಂಗಡಿಯ ಸಾಲದ ಪುಸ್ತಕ, ಮಂಡಿಯ ಮುಂಗಡ, ಟ್ರ್ಯಾಕ್ಟರಿನ ಕಂತು ಎಲ್ಲವೂ ಆ ಹೊಲಕ್ಕೆ ಗಂಟು ಬಿದ್ದಿರುತ್ತವೆ. ಆದ್ದರಿಂದ ಬೆಳೆ ಕಾಯುವ ಕೋವಿಯ ವಿಷಯ ವರ್ತಕ ಸಮುದಾಯಕ್ಕೂ ಸಂಬಂಧಿಸಿದ್ದೇ ಆಗಿದೆ.

ಊರಿನ ಹೆಸರಿನಲ್ಲೇ ಬೇಟೆಯಿದೆ. ಹಿಂದೆ ಮಹಾದಾನಪುರ ಎನಿಸಿಕೊಂಡಿದ್ದ ಈ ಊರಿಗೆ, ಸುತ್ತಲಿನ ಕಾಡಿನಲ್ಲಿ ಹೇರಳವಾಗಿ ಶಿಕಾರಿ ಸಿಗುತ್ತಿದ್ದುದರಿಂದ ಹೈದರ್-ಟಿಪ್ಪು ಕಾಲದಲ್ಲಿ ಈಗಿನ ಹೆಸರು ಬಂದಿತೆಂಬುದು ಪ್ರತೀತಿ. ನೆರೆಯ ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳ ಬಗ್ಗೆ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ಕೈಯಲ್ಲಿದ್ದುದು .405 ವಿಂಚೆಸ್ಟರ್, ಅಂದರೆ 1895ರ ಮಾದರಿಯ, ಕೈಸನ್ನೆಯಿಂದ ತೋಟಾ ಏರಿಸುವ ರೈಫಲ್. ಆ ಮಾದರಿಯ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. ಬೇಟೆಗಾರರ ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಅದನ್ನು ಮೊದಲನೆಯ ಮಹಾಯುದ್ಧದಲ್ಲಿ ರಷ್ಯಾ ಸುಮಾರು ಮೂರು ಲಕ್ಷದಷ್ಟು ಸಂಖ್ಯೆಯಲ್ಲಿ ತನ್ನ ಸೇನೆಗೆ ಖರೀದಿಸಿತು. ಆಗ ಸರಕು ಬೇಟೆಯಿಂದ ಸೇನೆಯ ಕಡೆಗೆ ಹರಿಯಿತು. ಅನಂತರದ ಕಾಲದಲ್ಲಿ ಹರಿವಿನ ದಿಕ್ಕು ಬದಲಾಯಿತು.

ಸೇನೆಗಾಗಿ ರೂಪಿಸಿದ ಯಂತ್ರರಚನೆಯನ್ನು ಬೇಟೆಗಾರನಿಗೆ ಮಾರುವುದು ಕಾರ್ಖಾನೆಗೆ ಲಾಭದ ಮಾತು. ವಿನ್ಯಾಸದ ವೆಚ್ಚವನ್ನು ಸರ್ಕಾರದ ಆದೇಶ ಆಗಲೇ ಭರಿಸಿರುತ್ತದೆ, ಅಚ್ಚುಗಳೂ ಯಂತ್ರಗಳೂ ಸಿದ್ಧವಿರುತ್ತವೆ. ಅಮೆರಿಕದ ಕೋಲ್ಟ್ ಸಂಸ್ಥೆ 1959ರಲ್ಲಿ ಆರ್ಮಲೈಟ್‌ನಿಂದ ಎಆರ್-15 ರೈಫಲಿನ ಹಕ್ಕುಗಳನ್ನು ಪಡೆಯಿತು. ಅದೇ ವಿನ್ಯಾಸ ಎಂ-16 ಆಗಿ ಸೇನೆಗೆ ಹೋಯಿತು. 1964ರಿಂದ ಅದರ ಅರೆಸ್ವಯಂಚಾಲಿತ ರೂಪ ನಾಗರಿಕರಿಗೆ ಮಾರಾಟವಾಗತೊಡಗಿತು. ಪೂರ್ಣ ಸ್ವಯಂಚಾಲಿತ ಕೋವಿಯಲ್ಲಿ ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುತ್ತದೆ. ಅರೆಸ್ವಯಂಚಾಲಿತದಲ್ಲಿ ಒಂದು ಒತ್ತಿಗೆ ಒಂದೇ ಗುಂಡು. ಆದರೆ ಮದ್ದು ಉರಿದು ಹುಟ್ಟಿದ ಅನಿಲದ ಒತ್ತಡವೇ ಖಾಲಿ ತೋಟಾವನ್ನು ಹೊರದೂಡಿ ಮುಂದಿನದನ್ನು ನಳಿಗೆಗೆ ಏರಿಸುವುದರಿಂದ ಬೇಟೆಗಾರನಿಗೆ ಕೈಕೆಲಸವಿಲ್ಲ. ಹೆಸರನ್ನು ನೋಡಿ ಮೋಸಹೋಗುವುದೂ ಉಂಟು. 1967ರಲ್ಲಿ ಬಂದ ಬ್ರೌನಿಂಗ್ ಸಂಸ್ಥೆಯ 'ಬಿಎಆರ್' ಬೇಟೆ ರೈಫಲ್, ಹಳೆಯ ಸೇನಾ ಬಿಎಆರ್‌ನ ಹೆಸರನ್ನು ಹೊತ್ತಿದೆಯೇ ಹೊರತು ಅದರ ಯಂತ್ರರಚನೆಯನ್ನಲ್ಲ.

ನಮ್ಮ ಭಾಗದವರಿಗೆ ಹೆಚ್ಚು ಅರ್ಥವಾಗುವ ಉದಾಹರಣೆ ರಷ್ಯಾದ್ದು. 1970ರ ದಶಕದಲ್ಲಿ ಕಝಾಕಿಸ್ತಾನದ ಬಯಲಿನಲ್ಲಿ ಸೈಗಾ ಎಂಬ ಜಿಂಕೆ ಜಾತಿಯ ಪ್ರಾಣಿಯ ಹಿಂಡುಗಳು ಬೆಳೆ ತುಳಿದು ಹಾಳುಮಾಡುತ್ತವೆಂಬ ದೂರು ಎದ್ದಿತು. ಅವುಗಳನ್ನು ಹೊಡೆಯಲೆಂದೇ ಇಝೆವ್‌ಸ್ಕ್‌ನ ಕಾರ್ಖಾನೆ ಕಲಾಷ್ನಿಕೋವ್ ರೈಫಲಿನ ರಚನೆಯ ಮೇಲೆ ಒಂದು ಅರೆಸ್ವಯಂಚಾಲಿತ ಕೋವಿಯನ್ನು ಮಾಡಿತು, ಪ್ರಾಣಿಯ ಹೆಸರನ್ನೇ ಅದಕ್ಕಿಟ್ಟಿತು. 1990ರ ದಶಕದಲ್ಲಿ ಸೈಗಾ ಕೋವಿ ರಫ್ತಿನ ಸರಕಾಯಿತು. ಅದೇ ಕಾಲದಲ್ಲಿ ಕಳ್ಳಬೇಟೆಗೆ ಸಿಕ್ಕ ಸೈಗಾ ಪ್ರಾಣಿ ಅಳಿವಿನ ಅಂಚಿಗೆ ಬಂದು, 2002ರಲ್ಲಿ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಕಾವಲು ಬಿಗಿಯಾದ ಮೇಲೆ ಸಂಖ್ಯೆ ಚೇತರಿಸಿ 2023ರಲ್ಲಷ್ಟೇ ಆ ಪಟ್ಟಿಯಿಂದ ಕೆಳಗಿಳಿಯಿತು. ಬೆಳೆ ರಕ್ಷಣೆ ಎಂಬ ನ್ಯಾಯವಾದ ಕಾರಣದಿಂದ ಹುಟ್ಟಿದ ಸರಕು ಎಲ್ಲಿಗೆ ಹೋಗಿ ನಿಂತೀತು ಎಂಬುದನ್ನು ಮಲೆನಾಡಿನವರು ಇದರಲ್ಲಿ ನೋಡಬಹುದು.

ಭಾರತದ ಕಾನೂನು ಇನ್ನೊಂದು ತುದಿಯಲ್ಲಿ ನಿಂತಿದೆ. 1959ರ ಆಯುಧ ಕಾಯ್ದೆಯ 13ನೆಯ ಪ್ರಕರಣ ಬೆಳೆ ರಕ್ಷಣೆಗೆಂದು ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆ ಕೋವಿ, ಎಂದರೆ ಮಲೆನಾಡಿನ ಮಾತಿನ ತೋಟೆ ಕೋವಿ. ಕೇಪಿನ ಕೋವಿಯ ತಂತ್ರ ಹತ್ತೊಂಬತ್ತನೆಯ ಶತಮಾನದ ಆರಂಭದ್ದು: ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಸರಳಿನಿಂದ ಗಟ್ಟಿಸಿ, ಕೇಪು ಕೂಡಿಸಿ, ಕುದುರೆ ಎಳೆದರೆ ಒಂದು ಈಡು. ಮಳೆ ಹನಿದರೆ ಅದೂ ಅನುಮಾನ. ಹಂದಿಯ ಹಿಂಡು ಎರಡನೆಯ ಈಡಿಗೆ ಕಾದು ನಿಲ್ಲುವುದಿಲ್ಲ. ಇದನ್ನು ಕಾನೂನು ಮಾಡಿದವರ ಅಜ್ಞಾನವೆನ್ನುವುದು ಸರಿಯಾಗದು. ಬೆಳೆಗಾರನ ಕೈಯ ಕೋವಿ ಸದ್ದು ಮಾಡಿ ಬೆದರಿಸಲು ಸಾಕು, ಬೇರೆ ಉಪಯೋಗಕ್ಕೆ ಬಾರದಿರಲಿ ಎಂಬ ಲೆಕ್ಕಾಚಾರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅರೆಸ್ವಯಂಚಾಲಿತ ರೈಫಲುಗಳು ಆಯುಧ ನಿಯಮಗಳ ಮೊದಲನೆಯ ವರ್ಗದಲ್ಲಿವೆ. ಸೇನೆಯ .303 ಅಥವಾ 7.62 ಮಿಲಿಮೀಟರ್ ತೋಟಾವನ್ನು ಹಾರಿಸಬಲ್ಲ ಬೋಲ್ಟ್ ರೈಫಲುಗಳೂ ಅದೇ ವರ್ಗಕ್ಕೆ ಸೇರುತ್ತವೆ. ಈ ವರ್ಗದ ಕೋವಿಗೆ ಜಿಲ್ಲಾಧಿಕಾರಿಗಳ ಕಚೇರಿಯ ಸಾಮಾನ್ಯ ಪರವಾನಗಿ ಸಾಲದು. ಹೀಗಾಗಿ ದೇಶದ ನಾಗರಿಕ ಮಾರುಕಟ್ಟೆಗೆ ಸೇನಾ ಮೂಲದ ರೈಫಲ್ ಬಂದದ್ದು ಒಂದು ಸಣ್ಣ ಕಿಂಡಿಯ ಮೂಲಕ. ಲೀ-ಎನ್‌ಫೀಲ್ಡ್ ಸೇನಾ ರೈಫಲುಗಳನ್ನು ತಯಾರಿಸುತ್ತಿದ್ದ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ, ಅದೇ ಬೋಲ್ಟ್ ರಚನೆಗೆ ಸೇನೆ ಬಳಸದ .315 ತೋಟಾ ಹೊಂದಿಸಿ ನಾಗರಿಕರಿಗೆ ಮಾರಿತು. 2021ರ ಅಕ್ಟೋಬರ್ 1ರಂದು ಆಯುಧ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಿದ ಮೇಲೆ ಈ ಕಾರ್ಖಾನೆ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಂದಿ ಇಂದಿಗೂ ರಕ್ಷಿತ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಎರಡನೆಯ ಅನುಸೂಚಿಯಲ್ಲಿದೆ. ಸಕ್ಷಮ ಅಧಿಕಾರಿಯ ಆದೇಶವಿಲ್ಲದೆ ಹೊಡೆದರೆ ಸ್ವಂತ ಹೊಲದಲ್ಲಾದರೂ ಅಪರಾಧವೇ. ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಇಂತಹ ಆದೇಶ ನೀಡುವ ಅಧಿಕಾರ ಕೊಟ್ಟು, ಪರವಾನಗಿ ಹೊಂದಿದ ಕೋವಿದಾರರಿಂದ ಹೊಡೆಸುವ ವ್ಯವಸ್ಥೆ ಮಾಡಿತು.

ಕೋವಿ ಅಂಗಡಿಯವರ ಕಷ್ಟಗಳು ಬೇರೆ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದ್ದೊಂದು ಸಮಾಧಾನ. ಚುನಾವಣೆ ಬಂದಾಗ ಕೋವಿಗಳು ಠಾಣೆಯ ಕೊಠಡಿ ಸೇರುತ್ತವೆ. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಾದ್ದರಿಂದ ಆ ವಾರಗಳು ರೈತನಿಗೆ ಕಠಿಣ.

ಈ ವ್ಯಾಪಾರದ ಗಾತ್ರ ಹೊರದೇಶಗಳಲ್ಲಿ ಬೆರಗು ಹುಟ್ಟಿಸುವಂತಿದ್ದರೂ ಅಲ್ಲಿಯ ನೆಲವೂ ಗಟ್ಟಿಯಲ್ಲ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 1996ರ ಏಪ್ರಿಲ್ 28ರಂದು ಅರೆಸ್ವಯಂಚಾಲಿತ ರೈಫಲಿನಿಂದ 35 ಜನ ಹತರಾದ ಮೇಲೆ ಅಲ್ಲಿಯ ಸರ್ಕಾರ ಅಂತಹ ಕೋವಿಗಳನ್ನು ಸಾಮಾನ್ಯ ಬಳಕೆಯಿಂದ ತೆಗೆದು, ಸುಮಾರು ಆರೂವರೆ ಲಕ್ಷ ಕೋವಿಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆಯಿತು. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು 51 ಜನರ ಹತ್ಯೆಯಾಯಿತು. ಆರೇ ದಿನಗಳಲ್ಲಿ ನಿಷೇಧದ ಘೋಷಣೆ ಹೊರಬಿದ್ದಿತು. ಕೆನಡಾ 2020ರ ಮೇ 1ರಂದು ಸುಮಾರು 1,500 ಮಾದರಿಗಳನ್ನು ಒಂದೇ ಆದೇಶದಿಂದ ನಿಷೇಧಿಸಿತು. ಸತ್ತವರ ಲೆಕ್ಕದ ಮುಂದೆ ಅಂಗಡಿಯ ದಾಸ್ತಾನಿನ ಮಾತು ಸಣ್ಣದು. ಆದರೂ ಬೆಳಿಗ್ಗೆ ಕಾನೂನುಬದ್ಧವಾಗಿದ್ದ ಸರಕು ಸಂಜೆಗೆ ಮಾರಲಾಗದ ಕಬ್ಬಿಣವಾಗುವ ಉದ್ಯಮ ಇದೆಂಬುದನ್ನು ರಕ್ಷಣಾ ಬಿಡಿಭಾಗಗಳ ಕನಸು ಕಾಣುವವರು ಗಮನಿಸಬೇಕು.

ಕನಸು ಕಾಣುವವರು ಜಿಲ್ಲೆಯಲ್ಲಿಲ್ಲದಿಲ್ಲ. ಶಿವಮೊಗ್ಗದ ಎರಕದ ಕಾರ್ಖಾನೆಗಳು, ಮಾಚೇನಹಳ್ಳಿಯ ಯಂತ್ರಭಾಗಗಳ ಘಟಕಗಳು ನಿಖರವಾದ ಕೆಲಸಕ್ಕೆ ಒಗ್ಗಿದ ಕೈಗಳನ್ನು ಹೊಂದಿವೆ. ಅಂತಹ ಘಟಕಗಳಿಗೂ, ತಾಲ್ಲೂಕು ಕೇಂದ್ರಗಳ ಲೇತ್ ಅಂಗಡಿಗಳಿಗೂ ಒಂದು ಅಂಶ ಸ್ಪಷ್ಟವಾಗಿ ತಿಳಿದಿರಬೇಕು. ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ 'ಆಯುಧ' ಎಂದರೆ ಪೂರ್ಣ ಕೋವಿ ಮಾತ್ರವಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಅದರಲ್ಲಿ ಸೇರಿವೆ. ಪರಿಚಯದ ಗಿರಾಕಿಯೊಬ್ಬ ಹಳೆಯ ಕೋವಿಗೆ ನಳಿಗೆ ತಿರುವಿಕೊಡಿ ಎಂದು ಒಂದು ಉಕ್ಕಿನ ಕೊಳವೆ ತಂದಿಟ್ಟರೆ ಅದು ಸಾಮಾನ್ಯ ಜಾಬ್ ವರ್ಕ್ ಅಲ್ಲ. ಪರವಾನಗಿಯಿಲ್ಲದ ತಯಾರಿಕೆಗೂ, ದುರಸ್ತಿಗೂ, ರೂಪಾಂತರಕ್ಕೂ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಕೂಲಿ ನಾಲ್ಕುನೂರು ರೂಪಾಯಿ ಇದ್ದೀತು. ಇಂತಹ ಕೆಲಸ ಬಂದಾಗ ಗಿರಾಕಿಯನ್ನು ದುರಸ್ತಿಯ ಪರವಾನಗಿ ಹೊಂದಿದ ಕೋವಿ ವ್ಯಾಪಾರಿಯ ಬಳಿಗೆ ಕಳುಹಿಸುವುದೊಂದೇ ದಾರಿ.

ಅದೇ ಲೇತ್ ಅಂಗಡಿಗೆ, ಅದೇ ಹಂದಿಯ ಕಾಟದಿಂದಲೇ, ಪರವಾನಗಿಯ ಭಯವಿಲ್ಲದ ಕೆಲಸವೂ ಇದೆ. ಸೌರಶಕ್ತಿಯ ತಂತಿಬೇಲಿಗೆ ಕಂಬ, ಅವಾಹಕದ ಹಿಡಿಕೆ, ತಂತಿ ಬಿಗಿಯುವ ತಿರುಗಣೆ, ಗೇಟಿನ ಕೊಂಡಿ ಎಲ್ಲವೂ ಬೇಕು. ಬೇಲಿಗೆ ಮಿಡಿತದ ವಿದ್ಯುತ್ ಕೊಡುವ ಪೆಟ್ಟಿಗೆಗೆ ಐಇಸಿ 60335-2-76 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ: ಮಿಡಿತಗಳ ನಡುವೆ ಒಂದು ಸೆಕೆಂಡಿನಷ್ಟಾದರೂ ಅಂತರವಿರಬೇಕು, 500 ಓಮ್ ರೋಧಕ್ಕೆ ಒಂದು ಮಿಡಿತದ ಶಕ್ತಿ 5 ಜೂಲ್ ಮೀರಬಾರದು. ಮನೆಯ 230 ವೋಲ್ಟಿನ ತಂತಿಯನ್ನು ನೇರವಾಗಿ ಬೇಲಿಗೆ ಸುತ್ತುವವರಿಂದ ಹಂದಿಯ ಜೊತೆಗೆ ಆನೆಗಳೂ, ದನಗಳೂ, ನೀರು ಕಟ್ಟಲು ಹೋದ ಮನುಷ್ಯರೂ ಸತ್ತಿದ್ದಾರೆ. ಈ ಪೆಟ್ಟಿಗೆಗಳನ್ನು ಮಾರುವ ಅಂಗಡಿಗಳು ಮಾನದಂಡದ ಗುರುತು, ಭೂಸಂಪರ್ಕದ ಸರಳುಗಳ ಸಂಖ್ಯೆ, ಬ್ಯಾಟರಿಯ ಖಾತರಿ ಈ ಮೂರನ್ನೂ ಬಿಲ್ಲಿನಲ್ಲೇ ನಮೂದಿಸಿ ಕೊಡುವುದು ಒಳ್ಳೆಯದು. ಮೆಕ್ಕೆಜೋಳದ ಬಿತ್ತನೆ ಮುಗಿದು ತೆನೆ ಬರುವ ಮುಂಚಿನ ವಾರಗಳಲ್ಲಿ ಬೇಡಿಕೆ ಒಮ್ಮೆಗೇ ಏರುವುದರಿಂದ, ದಾಸ್ತಾನನ್ನು ಮುಂಗಾರಿಗೆ ಮೊದಲೇ ತರಿಸಿಟ್ಟುಕೊಳ್ಳಬೇಕಾಗುತ್ತದೆ.