ಕಾರಿನ ಐದನೆಯ ಚಕ್ರ

ಆಷಾಢದ ಒಂದು ನಸುಕು. ಮುಳ್ಳೇರಿಯದ ಕಡೆಯಿಂದ ಹೊರಟ ಕಾರೊಂದು ಬದಿಯಡ್ಕವನ್ನು ಹಿಂದೆ ಹಾಕಿ ಕುಂಬಳೆಯತ್ತ ಸಾಗುತ್ತಿದೆ. ಹಿಂದಿನ ಆಸನದಲ್ಲಿ ಏದುಸಿರು ಬಿಡುತ್ತಿರುವ ಅಜ್ಜಿ, ಅವರ ಕೈ ಹಿಡಿದುಕೊಂಡ ಮಗಳು. ಮುಂದೆ ಮಗ ಮತ್ತು ಅಳಿಯ. ಹೋಗಬೇಕಾದುದು ಮಂಗಳೂರಿನ ಆಸ್ಪತ್ರೆಗೆ. ಸೀತಾಂಗೋಳಿ ದಾಟುವ ಹೊತ್ತಿಗೆ ನೀರು ತುಂಬಿದ ಗುಂಡಿಯೊಳಗಿನ ಕಲ್ಲಿಗೆ ತಾಗಿ ಎಡಗಡೆಯ ಮುಂದಿನ ಟೈರು ಒಡೆಯುತ್ತದೆ. ಮಳೆಯಲ್ಲಿ ನೆನೆಯುತ್ತಲೇ ಡಿಕ್ಕಿ ತೆರೆದು, ಚೀಲಗಳನ್ನೆಲ್ಲ ಸರಿಸಿ, ತಳದ ಹಲಗೆ ಎತ್ತಿ ಚಕ್ರವನ್ನು ಹೊರಗೆ ತೆಗೆದ ಅಳಿಯನ ಬಾಯಿಂದ ಬರುವುದು ಒಂದೇ ಮಾತು: “ಭಾವ, ಇದರಲ್ಲಿಯೂ ಗಾಳಿಯಿಲ್ಲ.”

ಇದೊಂದು ಕಲ್ಪಿತ ಪ್ರಸಂಗ. ಆದರೆ ದೊಡ್ಡ ಕಾಯಿಲೆಗೆಲ್ಲ ಮಂಗಳೂರನ್ನೇ ನಂಬಿರುವ ಗಡಿನಾಡಿನ ಮನೆಗಳಿಗೆ ಇದು ಕೇವಲ ಕಲ್ಪನೆಯಲ್ಲ. ಕಾರು ಕೊಳ್ಳುವಾಗ ಬಣ್ಣ, ಮೈಲೇಜು, ಆಸನದ ಹೊದಿಕೆ ಎಲ್ಲವನ್ನೂ ವಾರಗಟ್ಟಲೆ ಚರ್ಚಿಸುವ ಮನೆಯವರು ಐದನೆಯ ಚಕ್ರದ ವಿಚಾರವನ್ನು ಒಂದು ಗಳಿಗೆಯೂ ಯೋಚಿಸುವುದಿಲ್ಲ. ಬೇಕಾದಾಗ ಅದು ಇರುತ್ತದೆ ಎಂಬ ನಂಬಿಕೆಯೊಂದೇ ಅದರ ಪಾಲಿಗೆ.

ಆ ಚಕ್ರಕ್ಕೆ ನಮ್ಮ ಜನ ಕೊಟ್ಟ ಹೆಸರು ‘ಸ್ಟೆಪ್ನಿ’. ಈ ಹೆಸರಿಗೂ ಒಂದು ಊರಿನ ಕಥೆಯಿದೆ. ಮೊದಲ ಕಾಲದ ಕಾರುಗಳಿಗೆ ಬದಲಿ ಚಕ್ರವೇ ಇರಲಿಲ್ಲ. ಟೈರು ಹೋದಲ್ಲಿಯೇ ಕುಳಿತು ರಿಪೇರಿ ಮಾಡಬೇಕಾಗಿತ್ತು. 1904ರಲ್ಲಿ ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಡೇವೀಸ್ ಸಹೋದರರು, ಗಾಳಿ ತುಂಬಿದ ಟೈರಿರುವ, ಕಡ್ಡಿಗಳಿಲ್ಲದ ಚಕ್ರವೊಂದನ್ನು ರೂಪಿಸಿದರು. ಪಂಕ್ಚರಾದ ಚಕ್ರವನ್ನು ಬಿಚ್ಚದೆಯೇ ಅದರ ಮಗ್ಗುಲಿಗೆ ಇದನ್ನು ಬಿಗಿಯಬಹುದಾಗಿತ್ತು. ಅವರ ಅಂಗಡಿಯಿದ್ದುದು ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಬಂತು. ಆ ಚಕ್ರ ಬಳಕೆಯಿಂದ ಮರೆಯಾದರೂ ಹೆಸರು ಮಾತ್ರ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಉಳಿದಿದೆ.

ಇಂದು ಮಾರುಕಟ್ಟೆಯಲ್ಲಿರುವ ಕಾರುಗಳನ್ನು ಬದಲಿ ಚಕ್ರದ ದೃಷ್ಟಿಯಿಂದ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಉಳಿದ ನಾಲ್ಕರಂತೆಯೇ ಇರುವ ಪೂರ್ಣ ಗಾತ್ರದ ಚಕ್ರವನ್ನು ಕೊಡುವವು ಮೊದಲನೆಯವು. ಓಡುವ ಚಕ್ರಗಳು ಅಲಾಯ್ ಆಗಿದ್ದು, ಬದಲಿಯಾಗಿ ಕಬ್ಬಿಣದ ರಿಮ್ಮಿನ ತುಸು ಚಿಕ್ಕ ಅಥವಾ ಕಿರಿದಾದ ಟೈರನ್ನು ಕೊಡುವವು ಎರಡನೆಯವು. ತಾತ್ಕಾಲಿಕ ಬಳಕೆಗೆಂದೇ ತಯಾರಾದ ತೆಳ್ಳನೆಯ ಚಕ್ರವಿರುವವು ಮೂರನೆಯವು. ಚಕ್ರವನ್ನೇ ಕೊಡದೆ, ಪಂಕ್ಚರು ಮುಚ್ಚುವ ದ್ರಾವಣದ ಬಾಟಲಿಯನ್ನೂ ಚಿಕ್ಕ ಗಾಳಿ ಪಂಪನ್ನೂ ಕೊಡುವವು ನಾಲ್ಕನೆಯವು.

ನಾಲ್ಕನೆಯ ಬಗೆಯನ್ನು ಕಂಡು ಅನೇಕರು ವಂಚನೆಯಾಯಿತೆಂದು ಭಾವಿಸುವುದುಂಟು. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಜುಲೈಯಲ್ಲಿ ಬಂದ ತಿದ್ದುಪಡಿಯಂತೆ, 3.5 ಟನ್ ಮೀರದ ಪ್ರಯಾಣಿಕ ಕಾರಿನಲ್ಲಿ ಟ್ಯೂಬ್‌ಲೆಸ್ ಟೈರು, ಟೈರಿನ ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರು ದುರಸ್ತಿಯ ಕಿಟ್ ಇದ್ದರೆ ಬದಲಿ ಚಕ್ರ ಕಡ್ಡಾಯವಲ್ಲ. 2020ರ ಅಕ್ಟೋಬರ್ 1ರಿಂದ ಇದು ಜಾರಿಗೆ ಬಂದಿದೆ. ಆದರೆ ಕಾನೂನು ಒಪ್ಪಿದ್ದೆಲ್ಲವನ್ನೂ ರಸ್ತೆ ಒಪ್ಪುವುದಿಲ್ಲ. ಮೊಳೆ ಚುಚ್ಚಿದ ಸಣ್ಣ ತೂತನ್ನು ಆ ದ್ರಾವಣ ಮುಚ್ಚಬಲ್ಲದು. ಕಲ್ಲಿಗೆ ತಾಗಿ ಟೈರಿನ ಪಕ್ಕೆ ಸೀಳಿದರೆ ಅಥವಾ ರಿಮ್ಮು ಬಾಗಿದರೆ ಬಾಟಲಿಯಿಂದ ಏನೂ ಆಗದು. ಅದಕ್ಕೆ ಅವಧಿಯೂ ಇದೆ; ದಿನಾಂಕ ದಾಟಿದ ಬಾಟಲಿ ಇದ್ದೂ ಇಲ್ಲದಂತೆ.

ಹಾಗಾದರೆ ಯಾವುದನ್ನು ಆಯ್ದುಕೊಳ್ಳಬೇಕು? ಉತ್ತರವಿರುವುದು ಕುಟುಂಬದ ದಾರಿಯಲ್ಲಿ. ಪೇಟೆಯೊಳಗೇ ಓಡಾಡುವವರಿಗೆ ತಾತ್ಕಾಲಿಕ ಚಕ್ರ ಸಾಕು. ಎರಡು ಮೂರು ಕಿಲೋಮೀಟರಿನೊಳಗೆ ಟೈರಿನ ಅಂಗಡಿ ಸಿಗುತ್ತದೆ. ಪಾಣತ್ತೂರಿನಿಂದ ಕಾಡಿನ ನಡುವೆ ಭಾಗಮಂಡಲಕ್ಕೆ ಏರುವವರಿಗೆ, ರಾತ್ರಿ ಹೊತ್ತಿನಲ್ಲಿ ಘಟ್ಟ ಹತ್ತುವವರಿಗೆ ಪೂರ್ಣ ಗಾತ್ರದ ಚಕ್ರವೇ ಲೇಸು. ತೆಳ್ಳನೆಯ ತಾತ್ಕಾಲಿಕ ಚಕ್ರದ ಮೇಲೆ ಗಂಟೆಗೆ 80 ಕಿಲೋಮೀಟರಿನ ಮಿತಿಯನ್ನು ಮುದ್ರಿಸಿರುತ್ತಾರೆ. ಅದರೊಳಗಿನ ಗಾಳಿಯೂ ಬೇರೆ: ಸಾಮಾನ್ಯ ಟೈರಿಗೆ 30ರಿಂದ 35 ಪಿಎಸ್ಐ ಇದ್ದರೆ ಇದಕ್ಕೆ ಬೇಕಾದುದು 60 ಪಿಎಸ್ಐ. ಇದನ್ನರಿಯದೆ ಎಲ್ಲ ಚಕ್ರಗಳಿಗೂ ಒಂದೇ ಅಳತೆಯಲ್ಲಿ ಗಾಳಿ ಹಾಕಿಸಿದವರು ಕಷ್ಟಕಾಲದಲ್ಲಿ ಪೇಚಿಗೆ ಸಿಲುಕುತ್ತಾರೆ.

ಚಕ್ರವಿಲ್ಲದ ಕಾರಿಗೆ ಹೊಸದಾಗಿ ಒಂದನ್ನು ಕೊಳ್ಳುವವರು, ಹಳೆಯ ಕಾರಿನ ಕೆಟ್ಟ ಚಕ್ರವನ್ನು ಬದಲಿಸುವವರು ಟೈರಿನ ಪಕ್ಕೆಯ ಬರಹವನ್ನು ಓದಲು ಕಲಿಯಬೇಕು. 185/65 ಆರ್ 15 ಎಂಬುದನ್ನೇ ತೆಗೆದುಕೊಳ್ಳೋಣ. 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ. 65. 15 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರಿನಂತೆ ರಿಮ್ಮು 381 ಮಿ.ಮೀ.; ಪಕ್ಕೆ 120.25 ಮಿ.ಮೀ., ಮೇಲೊಂದು ಕೆಳಗೊಂದು ಸೇರಿ 240.5. ಒಟ್ಟು ವ್ಯಾಸ 621.5 ಮಿ.ಮೀ. ಏಳನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕವಿದು.

ಇದೇ ಲೆಕ್ಕದಂತೆ 165/80 ಆರ್ 14 ಟೈರಿನ ವ್ಯಾಸ 619.6 ಮಿ.ಮೀ. ರಿಮ್ಮು ಒಂದು ಇಂಚು ಚಿಕ್ಕದಾದರೂ ವ್ಯತ್ಯಾಸ ಎರಡು ಮಿಲಿಮೀಟರಿಗಿಂತಲೂ ಕಡಿಮೆ; ಬದಲಿಯಾಗಿ ಅದು ಹೊಂದುತ್ತದೆ. ಆದರೆ “ಇದೂ ಹದಿನಾಲ್ಕು ಇಂಚೇ” ಎಂದು ಗುಜರಿಯಿಂದ 175/65 ಆರ್ 14 ತಂದರೆ ಅದರ ವ್ಯಾಸ 583.1 ಮಿ.ಮೀ. ಮಾತ್ರ. ಕೊರತೆ ಶೇ. 6ರಷ್ಟು. ಒಂದು ಬದಿಯ ಚಕ್ರ ಇಷ್ಟು ಚಿಕ್ಕದಾದರೆ ಕಾರು ಆ ಕಡೆಗೆ ಎಳೆಯುತ್ತದೆ. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುವುದರಿಂದ ಡಿಫರೆನ್ಷಿಯಲ್ ಬಿಸಿಯೇರುತ್ತದೆ. ಚಕ್ರಗಳ ವೇಗವನ್ನು ಹೋಲಿಸುವ ಎಬಿಎಸ್ ಬ್ರೇಕು ಗೊಂದಲಕ್ಕೊಳಗಾಗಬಹುದು. ನಮ್ಮ ಬಹುಪಾಲು ಕುಟುಂಬದ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರಗಳು. ಆದುದರಿಂದ ಅಳತೆ ಬೇರೆಯಾದ ಬದಲಿ ಚಕ್ರವನ್ನು ಹಿಂದಕ್ಕೆ ಹಾಕಿ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತರುವುದು ಜಾಣತನ.

ಅಳತೆಯ ಬಳಿಕ ಬರುವ ಸಂಖ್ಯೆಯೂ ಅಕ್ಷರವೂ ಭಾರ ಮತ್ತು ವೇಗದ ಸಂಕೇತಗಳು. 84 ಎಂದಿದ್ದರೆ ಆ ಟೈರು 500 ಕಿಲೋ ಹೊರಬಲ್ಲದು, 88 ಎಂದಿದ್ದರೆ 560 ಕಿಲೋ. ‘ಟಿ’ ಎಂಬ ಅಕ್ಷರ ಗಂಟೆಗೆ 190 ಕಿಲೋಮೀಟರಿನ ಮಿತಿಯನ್ನು ಸೂಚಿಸುತ್ತದೆ. ಏಳು ಮಂದಿಯ ಕಾರಿಗೆ ಭಾರದ ಸಂಖ್ಯೆ ಕಡಿಮೆಯಿರುವ ಟೈರನ್ನು ಹಾಕುವುದು ಸಲ್ಲದು.

ರಿಮ್ಮಿನ ವಿಷಯದಲ್ಲಿ ನೋಡಬೇಕಾದುದು ತೂತುಗಳ ಲೆಕ್ಕ. ನಾಲ್ಕು ತೂತುಗಳಿರುವ ಎಲ್ಲ ರಿಮ್ಮುಗಳೂ ಒಂದೇ ಅಲ್ಲ. ತೂತುಗಳ ನಡುವಿನಿಂದ ಹಾದುಹೋಗುವ ವೃತ್ತದ ವ್ಯಾಸ ಒಂದರಲ್ಲಿ 100 ಮಿ.ಮೀ., ಇನ್ನೊಂದರಲ್ಲಿ 114.3 ಮಿ.ಮೀ. ಇರಬಹುದು. ನಡುವಿನ ದೊಡ್ಡ ತೂತೂ ಹೊಂದಬೇಕು. ರಿಮ್ಮು ಒಳಗಿನ ಬ್ರೇಕಿಗೆ ತಾಗಬಾರದು. ಅಲಾಯ್ ಚಕ್ರದ ಬೋಲ್ಟು ಅಥವಾ ನಟ್ಟು ಕಬ್ಬಿಣದ ರಿಮ್ಮಿಗೆ ಒಪ್ಪದಿರುವುದೂ ಉಂಟು. ಆದುದರಿಂದ ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಹಾಕಿಸಿ, ಕೈಯಿಂದ ತಿರುಗಿಸಿ ನೋಡಬೇಕು. ಕಾಲು ಗಂಟೆಯ ಕೆಲಸವದು.

ಟೈರಿಗೆ ವಯಸ್ಸೂ ಇದೆ. ಪಕ್ಕೆಯ ಮೇಲಿನ ನಾಲ್ಕು ಅಂಕೆಗಳು ಅದರ ಜಾತಕ: 2319 ಎಂದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಒಮ್ಮೆಯೂ ರಸ್ತೆಗಿಳಿಯದ ಟೈರಿನ ರಬ್ಬರೂ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ಐದು ವರ್ಷ ದಾಟಿದುದನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಹತ್ತು ವರ್ಷವಾದುದನ್ನು, ನೋಡಲು ಹೊಸದರಂತಿದ್ದರೂ, ಬಿಟ್ಟುಬಿಡಬೇಕು. ಸವೆದ ಹಳೆಯ ಟೈರನ್ನು “ಸ್ಟೆಪ್ನಿಗೆ ಸಾಕು” ಎಂದು ಎತ್ತಿಡುವ ರೂಢಿಯೂ ಒಳ್ಳೆಯದಲ್ಲ. ಕಾರಿನ ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಿರಬಾರದೆಂಬ ನಿಯಮ ರಸ್ತೆಗಿಳಿದ ಬದಲಿ ಚಕ್ರಕ್ಕೂ ಅನ್ವಯಿಸುತ್ತದೆ.

ಹಣದ ಮಾತು. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಟೈರಿಗೆ ಮಾತ್ರ ಹಾನಿಯಾದರೆ ಪರಿಹಾರ ದೊರೆಯುವುದಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಹಾನಿಯಾಗಿದ್ದರೆ ಹೊಸ ಟೈರಿನ ಬೆಲೆಯ ಶೇ. 50ರವರೆಗೆ ಸಿಗಬಹುದು. ಹೊಸ ಕಾರು ಕೊಳ್ಳುವವರು ತಮ್ಮ ಮಾದರಿಗೆ ಯಾವ ಬಗೆಯ ಬದಲಿ ಚಕ್ರವಿದೆ ಎಂಬುದನ್ನು ಬರಹದಲ್ಲಿಯೇ ಪಡೆದುಕೊಳ್ಳಬೇಕು. ಒಂದೇ ಕಾರಿನ ಬೇರೆ ಬೇರೆ ದರ್ಜೆಗಳಲ್ಲಿ ಇದು ಬದಲಾಗುತ್ತದೆ. ಬರೆದುಕೊಟ್ಟದ್ದನ್ನು ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಬಾಯಿಮಾತಿನ ಭರವಸೆಯನ್ನು ಅಲ್ಲಿ ಸಾಬೀತುಪಡಿಸುವುದು ಕಷ್ಟ. ಹಳೆಯ ಕಾರು ಕೊಳ್ಳುವವರಂತೂ ಡಿಕ್ಕಿಯ ಹಲಗೆ ಎತ್ತಿ ನೋಡದೆ ಮುಂಗಡ ಕೊಡಬಾರದು.

ಚಕ್ರ ಸರಿಯಾದುದಾದರೂ ಅದನ್ನು ಬದಲಿಸುವ ವಿದ್ಯೆ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಹ್ಯಾಂಡ್ ಬ್ರೇಕು ಎಳೆದು, ಎದುರಿನ ಚಕ್ರಕ್ಕೆ ಕಲ್ಲು ಕೊಟ್ಟು, ಕಾರು ಎತ್ತುವ ಮೊದಲೇ ನಟ್ಟುಗಳನ್ನು ಸಡಿಲಿಸಬೇಕು. ಮಳೆಗಾಲದ ಮೆತ್ತನೆಯ ಮಣ್ಣಿನಲ್ಲಿ ಜಾಕಿಯ ಅಡಿಗೆ ಹಲಗೆಯ ತುಂಡಿಡಬೇಕು. ನಟ್ಟುಗಳನ್ನು ಒಂದರ ಪಕ್ಕದ್ದಲ್ಲ, ಒಂದರ ಎದುರಿನದನ್ನು ಬಿಗಿಯುತ್ತ ಹೋಗಬೇಕು. ಇವನ್ನು ತಾಯಂದಿರೂ ಹೈಸ್ಕೂಲಿನ ಮಕ್ಕಳೂ ಅಂಗಳದಲ್ಲಿ ಒಮ್ಮೆ ಮಾಡಿ ನೋಡಿರಬೇಕು.

ಟೈರು ತಿಂಗಳಿಗೆ ಸುಮಾರು ಒಂದು ಪಿಎಸ್ಐ ಗಾಳಿಯನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ. ವರ್ಷವಿಡೀ ನೋಡದ ಚಕ್ರದಲ್ಲಿ 32 ಇದ್ದುದು 20ಕ್ಕೆ ಇಳಿದಿರುತ್ತದೆ. ತಿಂಗಳ ಮೊದಲ ಭಾನುವಾರ ಮನೆಯ ಮಗುವಿನ ಕೈಗೆ ಪುಸ್ತಕ, ಪೆನ್ಸಿಲು ಕೊಟ್ಟು ಐದು ಚಕ್ರಗಳ ಅಂಕೆಗಳನ್ನು ಕನ್ನಡದಲ್ಲಿ ಬರೆಯಿಸಿದರೆ ಲೆಕ್ಕದ ಪಾಠವೂ ಆಯಿತು, ಮನೆಯ ಕಾವಲೂ ಆಯಿತು. ಅಂಥ ಮನೆಯ ಅಜ್ಜಿ ಸೀತಾಂಗೋಳಿಯ ತಿರುವಿನಲ್ಲಿ ಮಳೆಯ ಸದ್ದು ಕೇಳುತ್ತ ಬಹಳ ಹೊತ್ತು ಕಾಯಬೇಕಾಗಿಲ್ಲ.