ವಾರ್ಡನ್ ಹಾಕಿದ ಸಹಿ

ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯ ಭದ್ರಾಚಲಂ, ಕೊತ್ತಗೂಡೆಂ, ತಿರುಮಲಾಯಪಾಲೆಂ ಮಂಡಲಗಳಲ್ಲಿ 2009ರ ಜುಲೈನಿಂದ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಹೊಸದೊಂದು ಲಸಿಕೆ ಹಾಕತೊಡಗಿದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಅದು. ಅಮೆರಿಕದ ‘ಪಾಥ್’ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಜ್ಯ ಸರ್ಕಾರ ಕೂಡಿ ನಡೆಸಿದ ಯೋಜನೆಗೆ ಗೇಟ್ಸ್ ಪ್ರತಿಷ್ಠಾನದ ಹಣವಿತ್ತು. ಲಸಿಕೆಯನ್ನು ಕಂಪನಿಗಳೇ ಉಚಿತವಾಗಿ ಕೊಟ್ಟವು. ಗುಜರಾತಿನ ವಡೋದರಾ ಜಿಲ್ಲೆಯಲ್ಲೂ ಇದೇ ಕೆಲಸ ಶುರುವಾಯಿತು. ಎರಡೂ ಕಡೆ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರು ತೋಳೊಡ್ಡಿದರು. ಖಮ್ಮಂನಲ್ಲಿ ಹೀಗೆ ಲಸಿಕೆ ಹಾಕಿಸಿಕೊಂಡವರಲ್ಲಿ ಬಹಳಷ್ಟು ಜನ ಮನೆಯಿಂದ ದೂರ ಆಶ್ರಮ ಶಾಲೆ, ಹಾಸ್ಟೆಲುಗಳಲ್ಲಿ ಓದುತ್ತಿದ್ದ ಬಡ, ಬುಡಕಟ್ಟು ಕುಟುಂಬಗಳ ಮಕ್ಕಳು.

2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ಸರ್ಕಾರ ನೇಮಿಸಿದ ತನಿಖಾ ಸಮಿತಿ ಈ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂಬ ತೀರ್ಮಾನಕ್ಕೆ ಬಂತು. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ಮಲೇರಿಯಾ ಇಂಥ ಕಾರಣಗಳು ದಾಖಲಾದವು. ಲಸಿಕೆ ಒಳ್ಳೆಯದೇ. ಹತ್ತಾರು ದೇಶಗಳಲ್ಲಿ ಅದು ಜೀವ ಉಳಿಸುತ್ತಿದೆ, ನಮ್ಮ ಹೆಣ್ಣುಮಕ್ಕಳಿಗೂ ಸಿಗಬೇಕು ಎಂದೇ ನಾನು ನಂಬಿದ್ದೇನೆ. ಹಾಗೆ ನಂಬಿರುವುದರಿಂದಲೇ ಖಮ್ಮಂನ ಕಾಗದಪತ್ರಗಳು ನನಗೆ ಹೆಚ್ಚು ನೋವು ಕೊಡುತ್ತವೆ.

ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. 2,763 ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರ ಆಗಸ್ಟ್‌ನಲ್ಲಿ ಮಂಡಿಸಿದ ವರದಿಯಲ್ಲಿ ಈ ಲೆಕ್ಕವಿದೆ.

ಹೆಬ್ಬೆಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಓದು ಬಾರದ ತಾಯಿಯೊಬ್ಬಳಿಗೆ ಅವಳದೇ ಮಾತಿನಲ್ಲಿ, ಸಾಕ್ಷಿಯೊಬ್ಬರ ಎದುರು, ಸಮಾಧಾನದಿಂದ ವಿವರಿಸಿ ಒತ್ತಿಸಿಕೊಂಡ ಹೆಬ್ಬೆಟ್ಟು, ಓದದೆ ಗೀಚಿದ ನಮ್ಮ ಎಷ್ಟೋ ಸಹಿಗಳಿಗಿಂತ ಗಟ್ಟಿ. ನನಗೆ ಒಪ್ಪಲಾಗದ್ದು ವಾರ್ಡನ್ ಸಹಿ. ಮಗಳು ಯಾವ ಪರೀಕ್ಷೆಗೆ ಒಳಗಾಗುತ್ತಿದ್ದಾಳೆಂದು ಊರಲ್ಲಿರುವ ಅಪ್ಪ ಅಮ್ಮನಿಗೆ ಗೊತ್ತೇ ಇಲ್ಲ. ಇನ್ನು ಹುಡುಗಿ ಉಣ್ಣುವುದು, ಮಲಗುವುದು, ಹಬ್ಬಕ್ಕೆ ಊರಿಗೆ ಹೊರಡುವುದು ಎಲ್ಲವೂ ವಾರ್ಡನ್ ಮರ್ಜಿಯಲ್ಲಿ. ಸಹಿ ಹಾಕಿದವರಿಗೇ ಅವಳು ಬೇಡವೆನ್ನುವುದು ಹೇಗೆ? ಇದು ಯಾರೋ ಒಬ್ಬ ವಾರ್ಡನ್ ಮಾಡಿದ ಅವಸರದ ಕೆಲಸವೂ ಅಲ್ಲ. ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಹಿ ಹಾಕಬಹುದೆಂದು ಮೇಲಿನಿಂದಲೇ ಅನುಮತಿ ಹೋಗಿತ್ತು. ಸಾವಿರಾರು ಮನೆಗಳ ಬಾಗಿಲು ತಟ್ಟುವ ಶ್ರಮ ಅಲ್ಲಿಗೆ ಉಳಿಯಿತು.

ಇದು ಸರ್ಕಾರದ ಮಾಮೂಲಿ ಲಸಿಕೆ ಕಾರ್ಯಕ್ರಮ ಎಂದೇ ಎಷ್ಟೋ ಮನೆಗಳವರು ತಿಳಿದಿದ್ದರು. ನಡೆಸಿದವರು ಇದನ್ನು ಕ್ಲಿನಿಕಲ್ ಟ್ರಯಲ್ ಎಂದು ಕರೆಯಲಿಲ್ಲ, ‘ಪ್ರಾತ್ಯಕ್ಷಿಕೆ ಯೋಜನೆ’ ಎಂದರು. ಹಾಗೆಂದದ್ದರಿಂದ ಟ್ರಯಲ್‌ಗೆ ಅನ್ವಯಿಸುವ ಬಿಗಿ ನಿಯಮಗಳು ದೂರ ಉಳಿದವು. ಸಂಶೋಧಕರ ತಲೆಯಲ್ಲಿ ಸಂಶೋಧನೆ, ತಾಯಿಯ ಮನಸ್ಸಿನಲ್ಲಿ ಪೋಲಿಯೊ ಹನಿಯಂಥ ಸರ್ಕಾರಿ ಸವಲತ್ತು. ಅವಳಿಗೆ ಪ್ರಶ್ನೆ ಹುಟ್ಟುವ ಅವಕಾಶವೇ ಇರಲಿಲ್ಲ.

ಈ ಯೋಜನೆ ಎಬ್ಬಿಸಿದ ಗದ್ದಲದ ಪೆಟ್ಟು ಇನ್ನೊಂದು ಅಧ್ಯಯನಕ್ಕೂ ಬಿತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಇದೇ ಲಸಿಕೆಯ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ಪರೀಕ್ಷಿಸುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಲಸಿಕೆ ಹಾಕುವುದನ್ನು ಅಲ್ಲೂ ನಿಲ್ಲಿಸಬೇಕಾಯಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ಒಂದೇ ಡೋಸ್ ಕೂಡ ಗಟ್ಟಿ ರಕ್ಷಣೆ ಕೊಡುತ್ತದೆಂದು 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಪ್ರಕಟವಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿತು. ಬಡ ದೇಶಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಆಕಸ್ಮಿಕವಾಗಿ ಬಂದ ಈ ಫಲವನ್ನು ತೋರಿಸಿ ಖಮ್ಮಂನ ಲೆಕ್ಕ ಚುಕ್ತಾ ಮಾಡಲು ಬರುವುದಿಲ್ಲ. ಅಂದು ಹುಟ್ಟಿದ ಅಪನಂಬಿಕೆ ಈ ಲಸಿಕೆಯ ಹೆಸರಿಗೇ ಅಂಟಿಕೊಂಡಿತು, ಅದನ್ನು ಎಲ್ಲರಿಗೂ ತಲುಪಿಸುವ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ನಡುವಿನ ಆ ವರ್ಷಗಳಲ್ಲಿ ಬೆಳೆದು ದೊಡ್ಡವರಾದ ಹುಡುಗಿಯರು ಯಾವ ಪಟ್ಟಿಯಲ್ಲೂ ಇಲ್ಲ.

ನಿಯಮಗಳು ಆಮೇಲೆ ಬಿಗಿಯಾದವು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಪೋಷಕರ ಒಪ್ಪಿಗೆಯ ಜೊತೆ, ಏಳು ದಾಟಿದ ಮಗುವಿನ ಇಷ್ಟವನ್ನೂ ಬಾಯಿಮಾತಿನಲ್ಲಿ ಕೇಳಬೇಕು. ಹನ್ನೆರಡು ದಾಟಿದರೆ ಬರಹದಲ್ಲಿ ಪಡೆಯಬೇಕು. ಸಂಸ್ಥೆಯ ಮುಖ್ಯಸ್ಥರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು, ದುರ್ಬಲ ಸ್ಥಿತಿಯಲ್ಲಿರುವವರ ಮೇಲೆ ಹೊಚ್ಚ ಹೊಸ ಔಷಧ ಪರೀಕ್ಷಿಸುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೊದಲ್ಲಿ ದಾಖಲಿಸಬೇಕೆನ್ನುತ್ತವೆ. ಆದರೆ ಮಾರುಕಟ್ಟೆಗೆ ಆಗಲೇ ಬಂದ ಔಷಧದ ‘ಯೋಜನೆ’ಗಳಿಗೆ ಆ ಕ್ಯಾಮೆರಾ ಕಡ್ಡಾಯವಲ್ಲ. ಖಮ್ಮಂನಲ್ಲಿ ನಡೆದದ್ದೂ ಅಂಥದ್ದೇ.

ಕರ್ನಾಟಕದಲ್ಲೂ ಆಶ್ರಮ ಶಾಲೆಗಳಿವೆ, ಇಲಾಖೆಗಳ ಹಾಸ್ಟೆಲುಗಳಿವೆ, ಅಲ್ಲಿಗೆ ರಕ್ತದ ಮಾದರಿ ಕೇಳಿಕೊಂಡು, ಪ್ರಶ್ನಾವಳಿ ಹಿಡಿದು ಬರುವ ಸಂಶೋಧಕರೂ ಇರುತ್ತಾರೆ. ಬಂದವರು ಮೊದಲು ಪೋಷಕರ ಸಭೆ ಕರೆಯಲಿ. ಇದು ಸಂಶೋಧನೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಲಿ. ಮಾಹಿತಿ ಪತ್ರದ ಪ್ರತಿಯನ್ನು, ಎಥಿಕ್ಸ್ ಕಮಿಟಿಯ ಫೋನ್ ನಂಬರಿನ ಸಮೇತ ಮನೆಗೆ ಕೊಟ್ಟು ಕಳಿಸಲಿ. ಹುಡುಗಿಯನ್ನು ಕೇಳುವಾಗ ಹಾಸ್ಟೆಲಿನ ಸಿಬ್ಬಂದಿ ಕೋಣೆಯಿಂದ ಹೊರಗಿರಲಿ. ಬೇಡವೆಂದ ಹುಡುಗಿಯ ಹೆಸರು ವಾರ್ಡನ್‌ಗೆ ತಿಳಿಯಬಾರದು.