ಕಡಲಲ್ಲಿ ಕಿವಿಯಿಟ್ಟವರು ಕಾಡಿಗೂ ಬಂದರು

ರಾಗಿ ತೆನೆ ಕಟ್ಟುವ ಕಾಲಕ್ಕೆ ಹೊಸೂರಿನ ಸುತ್ತ ಆನೆಗಳು ಬರುತ್ತವೆ. ಬನ್ನೇರುಘಟ್ಟದ ಕಡೆಯಿಂದ ಹೊರಟ ಹಿಂಡುಗಳು ಜವಳಗಿರಿ, ಥಳಿ, ಡೆಂಕಣಿಕೋಟೆಗಳ ಕಾಡಂಚನ್ನು ಹಾದು ಸಾನಮಾವು ಕಾಡಿನವರೆಗೆ, ಒಮ್ಮೊಮ್ಮೆ ಕೃಷ್ಣಗಿರಿಯ ಕಡೆಗೂ ಸಾಗುತ್ತವೆ. ನಮ್ಮ ಕಾಸರಗೋಡಿನಂತೆ ಅದೂ ಗಡಿನಾಡು. ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವ ರೈತನಿಗೆ ಬೇಕಾದ ಸುದ್ದಿ ಒಂದೇ: ಹಿಂಡು ಈಗ ಎಲ್ಲಿದೆ? ಕತ್ತಲಲ್ಲಿ ಅದನ್ನು ಕಣ್ಣು ಹೇಳಲಾರದು. ಕಿವಿ ಹೇಳೀತೇ?

ಕಡಲಿನ ವಿಜ್ಞಾನಿಗಳಿಗೂ ಇದೇ ಪ್ರಶ್ನೆಯಿತ್ತು. ನೀರಿನಲ್ಲಿ ಬೆಳಕು ಬಹುದೂರ ಹೋಗದು. ಶಬ್ದವಾದರೋ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ತಿಮಿಂಗಿಲದ ತಗ್ಗು ಸ್ವರ ನೂರಾರು ಕಿಲೋಮೀಟರ್ ದೂರಕ್ಕೂ ಮುಟ್ಟಬಲ್ಲುದು. ಆದ್ದರಿಂದ ಹೈಡ್ರೋಫೋನ್ ಎಂಬ ಧ್ವನಿಗ್ರಾಹಕವನ್ನು ನೀರಿನಾಳಕ್ಕೆ ಇಳಿಸಿ ತಿಂಗಳುಗಟ್ಟಲೆ ಮುದ್ರಿಸುತ್ತಾರೆ. ಒಂದೇ ಕೂಗು ಮೂರು ನಾಲ್ಕು ಕಡೆ ಇಟ್ಟ ಯಂತ್ರಗಳನ್ನು ಎಷ್ಟೆಷ್ಟು ಹೊತ್ತಿನ ಅಂತರದಲ್ಲಿ ಮುಟ್ಟಿತೆಂದು ಲೆಕ್ಕ ಹಾಕಿದರೆ ಕೂಗಿದ ಜಾಗವೇ ಸಿಗುತ್ತದೆ. ನಮ್ಮ ಅರಬ್ಬೀ ಸಮುದ್ರದಲ್ಲೇ, ಲಕ್ಷದ್ವೀಪದ ಕವರತ್ತಿಯ ಬಳಿ, 2018ರ ಕೊನೆಯಿಂದ 2020ರ ಆರಂಭದವರೆಗೆ ಹೀಗೆ ಮುದ್ರಿಸಿದ ದಿವ್ಯಾ ಪಣಿಕ್ಕರ್ ಮತ್ತು ಕ್ಯಾಥ್ಲೀನ್ ಸ್ಟಾಫರ್ಡ್ ಅವರಿಗೆ ನೀಲಿ ತಿಮಿಂಗಿಲದ ಹಾಡು ದೊರೆಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೆಚ್ಚು. ಅಷ್ಟು ದೊಡ್ಡ ಪ್ರಾಣಿ ನಮ್ಮ ನೆರೆಯಲ್ಲೇ ಸುಳಿದಾಡುವ ಕಾಲ ತಿಳಿದದ್ದು ಹೀಗೆ.

ಕಡಲಿನ ಈ ವಿದ್ಯೆ ನೆಲಕ್ಕೆ ಬಂದದ್ದು ಕೇಟಿ ಪೇನ್ ಎಂಬ ಅಮೆರಿಕದ ವಿದುಷಿಯಿಂದ. ವರ್ಷಗಟ್ಟಲೆ ತಿಮಿಂಗಿಲದ ಹಾಡು ಕೇಳಿದ್ದ ಈಕೆ 1984ರಲ್ಲಿ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿಯೇ ಮಿಡಿದಂತಾಯಿತು. ಚೆಂಡೆಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದಲ್ಲ, ಹಾಗೆ. ಮುದ್ರಿಸಿ ನೋಡಿದರೆ 14ರಿಂದ 24 ಹರ್ಟ್ಸ್‌ನ ಕೂಗು. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ಗಿಂತ ಕೆಳಗಿನದನ್ನು ಕೇಳದು. 1986ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಇಂಥದೊಂದು ಊಹೆಯನ್ನು ಅದಕ್ಕೂ ಮೊದಲೇ ಮಾಡಿದವರು ತಮಿಳುನಾಡಿನ ನಿಸರ್ಗತಜ್ಞ ಎಂ. ಕೃಷ್ಣನ್, 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ಉದ್ಯೋಗಕ್ಕಿದ್ದವರು. ಆ ಹೆಸರು ಮಕ್ಕಳಿಗೆ ತಿಳಿದಿರಬೇಕೆಂದು ನಮಗೆ ತೋರುತ್ತದೆ.

ಮಧ್ಯ ಆಫ್ರಿಕಾದ ದಟ್ಟ ಕಾಡುಗಳಲ್ಲಿ ಈಗ ಮರಕ್ಕೆ ಯಂತ್ರ ಕಟ್ಟಿ ಆನೆಗಳ ಇರವನ್ನು ಕೇಳಿಯೇ ಅರಿಯುತ್ತಾರೆ. ಕಳ್ಳಬೇಟೆಯ ಗುಂಡಿನ ಸದ್ದೂ ಅದರಲ್ಲಿ ಸಿಕ್ಕಿಬೀಳುತ್ತದೆ. ರಾತ್ರಿ ನೆಲ ತಣಿದು ಮೇಲಿನ ಗಾಳಿ ಬೆಚ್ಚಗಿದ್ದರೆ ಶಬ್ದ ಮೇಲಕ್ಕೆ ಚದುರದೆ ನೆಲದತ್ತ ಬಾಗುತ್ತದೆ; ಕೂಗು ಕೇಳಿಸುವ ಪ್ರದೇಶ ಹಗಲಿನ ಹತ್ತು ಪಟ್ಟಾಗಬಹುದು. ಹೊಸೂರಿನ ಎತ್ತರದ ಬಯಲಿನ ಚಳಿಗಾಲದ ರಾತ್ರಿಗಳು ಇದಕ್ಕೆ ಹೇಳಿಮಾಡಿಸಿದಂತಿವೆ.

ಹಿಂಡಿನ ಸುಳಿವು ಮುಂಚೆ ಸಿಕ್ಕರೆ ರೈತ ತಂತಿಗೆ ಕರೆಂಟು ಹಾಯಿಸುವ ಗೋಜಿಗೆ ಹೋಗದಿರಬಹುದು. 2023ರ ಮಾರ್ಚಿಯಲ್ಲಿ ನೆರೆಯ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಅಂಥ ಬೇಲಿ ತಗುಲಿ ಮೂರು ಆನೆಗಳು ಸತ್ತವು. ಎರಡು ಮರಿಗಳು ಬದುಕುಳಿದವು. ಆದರೆ ಯಂತ್ರವೇ ಸರ್ವಸ್ವವಲ್ಲ. ಹೆದ್ದಾರಿಯಲ್ಲಿ ಹೋಗುವ ಲಾರಿಯ ಗುಡುಗೂ ಅದೇ ತಗ್ಗು ಸ್ವರದ್ದು. ಅದನ್ನು ಆನೆಯ ಕೂಗಿನಿಂದ ಬೇರ್ಪಡಿಸಬೇಕು. ಮರಿಗಳೊಡನಿರುವ ಹೆಣ್ಣಾನೆಗಳ ಹಿಂಡು ಮಾತಾಡಿಕೊಂಡು ಬಂದೀತು. ರಾಗಿಯ ರುಚಿ ಹತ್ತಿದ ಒಂಟಿಸಲಗ ತುಟಿಪಿಟಕ್ಕೆನ್ನದೆ ಬಂದರೆ ಅದನ್ನು ಹಿಡಿಯುವ ಕಿವಿ ಯಾವ ಯಂತ್ರಕ್ಕೂ ಇಲ್ಲ.